ಐದು ಪಿಂಟಿನ ಓಮರ್

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೇಬೆಜ್ ಫಿಂಚಮ್ ಆಡಿದ್ದು ಒಂದೇ ಮಾತು, ಅದೂ ಬರೀ ಒಂದು ಅಂಕಿ. ಆದರೆ ಅದನ್ನು ಅವನು ತುಂಬಿದ ಸಭೆಯಲ್ಲಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟಿದ್ದ.

ಕೇಳಿದವನು ಎಲ್ಕಾನಾ ಥರ್ಲ್‌ಬಿ. ಹರ್ನಿ ದಿಬ್ಬದ ಮೇಲೆ ಕೂಡಿದ್ದ ನಲವತ್ತು ಜನಕ್ಕೂ ಅವನೇ ಹಿರಿಯ, ಅವನೇ ಬೋಧಕ. ಸುತ್ತ ಜವುಳು ನೆಲ. ಅಕ್ಟೋಬರಿನ ಕೊನೆಗೆ ನದಿ ಒಡ್ಡು ಹತ್ತಿ ಬಂತೆಂದರೆ ದಿಬ್ಬ ದ್ವೀಪವಾಗುತ್ತದೆ, ಮಾರ್ಚ್ ಮುಗಿಯುವ ತನಕ ಈಲಿ ಪಟ್ಟಣಕ್ಕೂ ದಿಬ್ಬಕ್ಕೂ ನಡುವೆ ಬೂದು ಬಣ್ಣದ ನೀರೇ ನೀರು. ಹಿಂದೆ ಒಡ್ಡು ಕಾಯುವ ಕೆಲಸದಲ್ಲಿದ್ದ ಥರ್ಲ್‌ಬಿಗೆ ಈ ಚಳಿಗಾಲ ಮುಗಿಯುವ ಮುಂಚೆ ಕರ್ತನು ಇಳಿದು ಬರುತ್ತಾನೆಂದು ದರ್ಶನವಾಗಿತ್ತು. ನಂಬಿದವರು ಮನೆ ಮಠ ಬಿಟ್ಟು, ತಮ್ಮ ತಮ್ಮ ಬಾರ್ಲಿ ಮೂಟೆ ಹೊತ್ತು ದಿಬ್ಬ ಸೇರಿದ್ದರು. ಇಸ್ರಾಯೇಲ್ಯರು ಅರಣ್ಯದಲ್ಲಿ ಬದುಕಿದ ಹಾಗೆ ತಾವೂ ಬದುಕಬೇಕು ಎಂಬುದು ಥರ್ಲ್‌ಬಿಯ ಕಟ್ಟಳೆ. ಅವರಿಗೆ ಆಕಾಶದಿಂದ ಬಿದ್ದ ಆಹಾರ, ಮನ್ನ, ತಲೆಗೆ ದಿನಕ್ಕೆ ಒಂದು ಓಮರ್. ಇವರಿಗೂ ತಲೆಗೆ ದಿನಕ್ಕೆ ಒಂದು ಓಮರ್ ಬಾರ್ಲಿ. ಆದರೆ ಓಮರ್ ಅಂದರೆ ನಮ್ಮ ಅಳತೆಯಲ್ಲಿ ಎಷ್ಟು?

"ಯಾರಿಗಾದ್ರೂ ಗೊತ್ತಾ?" ಎಂದು ಥರ್ಲ್‌ಬಿ ಕೇಳಿದ.

ಜೇಬೆಜನಿಗೆ ಗೊತ್ತಿತ್ತು. ಅದೇ ಅವನ ಗ್ರಹಚಾರ. ಜೀವಮಾನವನ್ನೆಲ್ಲ ಸರಕಾರದ ಸುಂಕದ ಕೆಲಸದಲ್ಲಿ ಸವೆಸಿದವನು ಅವನು. ಬಿಯರಿಗೆ ಬಾರ್ಲಿ ಮೊಳಕೆ ಬರಿಸುವ ಮಾಲ್ಟ್ ಮನೆಗಳಿಗೆ ಹೇಳದೆ ಕೇಳದೆ ನುಗ್ಗಿ, ತೊಟ್ಟಿಗೆ ಅಳತೆಗೋಲು ಇಳಿಸಿ, ಇಷ್ಟು ಬುಶೆಲ್ ಇದೆ, ಇಷ್ಟು ಸುಂಕ ಎಂದು ನಿಂತ ಕಾಲಲ್ಲಿ ಹೇಳುತ್ತಿದ್ದ. ಬಿಡುವಿನ ಹೊತ್ತಿನಲ್ಲಿ ಬೇರೆ ಗಂಡಸರು ನಾಯಿ ಸಾಕುತ್ತಾರೆ, ಹೂವು ಬೆಳೆಯುತ್ತಾರೆ. ಇವನು ಪವಿತ್ರ ಗ್ರಂಥದ ಅಳತೆಗಳನ್ನು ಇಂಗ್ಲೆಂಡಿನ ಅಳತೆಗೆ ಇಳಿಸುತ್ತಿದ್ದ. ಒಂದು ಹೋಮರಿಗೆ ಹತ್ತು ಏಫಾ, ಒಂದು ಏಫಾಕ್ಕೆ ಹತ್ತು ಓಮರ್. ಏಫಾ ಎಂದರೆ ಮೂರು ಪೆಕ್ ಮೂರು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ದೊಡ್ಡದಾದ ಪಿಂಟಿನಲ್ಲಿ ಐವತ್ತೊಂದು, ಎಂದು ಹಳೆಯ ಗ್ರಂಥಗಳ ಹಿಂದಿನ ಪಟ್ಟಿಯಲ್ಲಿ ಅಚ್ಚಾಗಿತ್ತು. ಅದು ಸಾಲದೆಂದು, ಯೆಹೂದ್ಯರು ಮೊಟ್ಟೆಯಿಂದ ಅಳೆಯುತ್ತಿದ್ದರಂತೆ ಎಂದು ಎಲ್ಲೋ ಕೇಳಿ, ನಲವತ್ತಕ್ಕೂ ಹೆಚ್ಚು ಕೋಳಿಮೊಟ್ಟೆಗಳನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಉಕ್ಕಿದ ನೀರನ್ನು ಅಳೆದಿದ್ದ. ಹೆಂಡತಿ ಬದುಕಿದ್ದಾಗ, "ಮೊಟ್ಟೆ ತಿನ್ನೋಕೆ ಕಣ್ರೀ ಇರೋದು, ಸ್ನಾನ ಮಾಡ್ಸೋಕಲ್ಲ" ಎಂದು ಬೈಯುತ್ತಿದ್ದಳು. ಮೊಟ್ಟೆಯ ಲೆಕ್ಕದಲ್ಲಿ ಓಮರ್ ನಾಲ್ಕೂಕಾಲು ಪಿಂಟಿನ ಆಸುಪಾಸು ಬಂತು. ಪಟ್ಟಿಯ ಲೆಕ್ಕದಲ್ಲಿ ಐದು ಮೀರಿತು. ಎರಡರಲ್ಲಿ ಯಾವುದು ಸರಿ ಎಂದು ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ನರಪಿಳ್ಳೆ ಇರಲಿಲ್ಲ.

ಈಗ ಕೇಳುವವನು ಸಿಕ್ಕಿದ, ಸಭೆಯೂ ತುಂಬಿತ್ತು. "ಐದು ಪಿಂಟು, ಮತ್ತೆ ಪಿಂಟಿನ ಹತ್ತರಲ್ಲಿ ಒಂದು ಪಾಲು" ಎಂದುಬಿಟ್ಟ. ಮೊಟ್ಟೆಯ ವಿಷಯ ಎತ್ತಲಿಲ್ಲ. ಅನುಮಾನವಿರುವವನ ಮಾತಿಗೆ ಸಭೆಯಲ್ಲಿ ಏನು ಬೆಲೆ?

"ನಿಮ್ಮ ಬಾಯಿಂದ ಕರ್ತನೇ ಹೇಳಿಸಿದ" ಎಂದ ಥರ್ಲ್‌ಬಿ. ಜನ ತಿರುಗಿ ನೋಡಿದರು. ಮಗಳು ಕೆಜಾಯಳೂ ತಿರುಗಿ ನೋಡಿ ನಕ್ಕಳು. ಗಂಡ ರೂಬೆನ್ ಜವುಳು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಹುಡುಗಿ ನಕ್ಕದ್ದು ಅದೇ ಮೊದಲು. ಜೇಬೆಜ್ ಎದೆಯುಬ್ಬಿಸಿ ಕುಳಿತುಕೊಂಡ.

ನಿಜ ಹೇಳಬೇಕೆಂದರೆ ಅವನಿಗೆ ಥರ್ಲ್‌ಬಿಯ ದರ್ಶನದಲ್ಲಿ ನಂಬಿಕೆ ಇರಲಿಲ್ಲ. ಮಗಳಿಗಾಗಿ ಬಂದಿದ್ದ. ಆಕೆಗೆ ಆಗ ದಿನ ತುಂಬಲು ಇನ್ನೂ ನಾಲ್ಕು ತಿಂಗಳಿತ್ತು. ಫೆಬ್ರವರಿ ಕೊನೆಗೆ ಹೆರಿಗೆ. ಕರ್ತನು ಬರುವ ದಿನ ಸತ್ತವರೆಲ್ಲ ಎದ್ದು ಬರುತ್ತಾರೆ, ರೂಬೆನ್ ತನ್ನ ಕೈ ಹಿಡಿಯುತ್ತಾನೆ ಎಂದು ಥರ್ಲ್‌ಬಿ ಹೇಳಿದ್ದು ಅವಳ ಹೃದಯಕ್ಕೆ ನಾಟಿತ್ತು. ಒಬ್ಬಳನ್ನೇ ಬಿಡುವುದು ಹೇಗೆ? ಚಳಿಗಾಲ ಕಳೆಯಲಿ, ಯಾರೂ ಬರುವುದಿಲ್ಲ, ನೀರಿಳಿಯುತ್ತದೆ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಮನೆಗೆ ಹೋಗುತ್ತೇನೆ ಎಂದು ಅವನ ಎಣಿಕೆ.

ನೀರು ಏರಿದ ವಾರವೇ ಥರ್ಲ್‌ಬಿ ದೋಣಿಗಳಿಗೆ ತೂತು ಕೊರೆಸಿ ಮುಳುಗಿಸಿದ. ಸಮುದ್ರ ದಾಟಿದ ಮೇಲೆ, ಇಸ್ರಾಯೇಲ್ಯರು ಬಿಟ್ಟು ಬಂದ ಐಗುಪ್ತಕ್ಕೆ ಮರಳುವ ದಾರಿ ಇರಬಾರದಂತೆ. ಬಲೆಗಳೂ ಬಂದೂಕುಗಳೂ ಅವುಗಳ ಜೊತೆಗೇ ಹೋದವು. ಅರಣ್ಯದಲ್ಲಿ ಮಾಂಸ ಬೇಡಿದವರು ಅದು ಹಲ್ಲಿನ ನಡುವೆ ಇರುವಾಗಲೇ ಸತ್ತರಲ್ಲವೇ. ಈರುಳ್ಳಿಯನ್ನೂ ಕಿತ್ತು ಎಸೆದರು, ಏಕೆಂದರೆ ಈರುಳ್ಳಿ ನೆನೆಸಿಕೊಂಡು ಅತ್ತವರು ದೇವರ ಕೋಪಕ್ಕೆ ಗುರಿಯಾದರು. ಉಳಿದದ್ದು ಕಣಜದ ಬಾರ್ಲಿ. ಅದನ್ನು ಅಳೆಯುವ ಕೆಲಸ ಜೇಬೆಜನದು. ಐದು ಪಿಂಟು ಹಿಡಿಯುವ ಓಕ್ ಮರದ ಕೊಳಗವೊಂದನ್ನು ಕಬ್ಬಿಣದ ಪಟ್ಟಿ ಹಾಕಿ ಮಾಡಿಸಿದ್ದಾಯಿತು. ಆ ಹತ್ತನೆಯ ಪಾಲಿಗೆಂದು ಅಂಚನ್ನು ಒಂದು ಕೂದಲೆಳೆ ಎತ್ತರಿಸಿದ್ದಾಯಿತು. ಪ್ರತಿ ಬೆಳಿಗ್ಗೆ ಜನ ಬೋಗುಣಿ ಹಿಡಿದು ಸಾಲು ನಿಲ್ಲುತ್ತಿದ್ದರು. ಜೇಬೆಜ್ ಕೊಳಗ ತುಂಬಿಸಿ, ಮಟ್ಟಗೋಲಿನಿಂದ ಮೇಲ್ಭಾಗ ಸವರಿ, ಸುರಿಯುತ್ತಿದ್ದ. ಹೆಂಗಸರು ಬೀಸಿ ರೊಟ್ಟಿ ಸುಡುತ್ತಿದ್ದರು.

ಮೊದಲ ವಾರ ಹಬ್ಬವೋ ಹಬ್ಬ. ಐದು ಪಿಂಟು ಬಾರ್ಲಿಯ ರೊಟ್ಟಿ ಎಂದರೆ ಹೊಲ ಉಳುವ ಆಳೂ ಒಂದು ದಿನಕ್ಕೆ ತಿನ್ನಲಾರ. ಮೂರು ಪಿಂಟಿನದು ತಿಂದರೆ ಅವನನ್ನು ನೋಡಲು ಜನ ಸೇರಬೇಕು. ಉಳಿದದ್ದನ್ನು ಏನು ಮಾಡುವುದು? ಗ್ರಂಥದಲ್ಲಿ ಅದಕ್ಕೂ ಕಟ್ಟಳೆ ಇತ್ತು: ಬೆಳಗಿನ ತನಕ ಯಾರೂ ಉಳಿಸಿಕೊಳ್ಳಬಾರದು. ಇಸ್ರಾಯೇಲ್ಯರ ನಾಯಕ ಮೋಶೆಯ ಮಾತು ಮೀರಿ ಕೆಲವರು ಉಳಿಸಿಕೊಂಡ ಮನ್ನಕ್ಕೆ ಹುಳ ಬಿದ್ದು ನಾತ ಬಂದಿತ್ತು. ಆದ್ದರಿಂದ ದಿನವೂ ನಸುಕಿನಲ್ಲಿ, ಹೊಸ ಅಳತೆಗೆ ಸಾಲು ನಿಲ್ಲುವ ಮುಂಚೆ, ಎಲ್ಲರೂ ಹಿಂದಿನ ದಿನದ ರೊಟ್ಟಿ ಹಿಟ್ಟನ್ನೆಲ್ಲ ತಂದು ಕಾಲುವೆಗೆ ಸುರಿಯಬೇಕು. ಹಂದಿಗೆ ಹಾಕುವಂತಿಲ್ಲ. ಮನ್ನ ಹಂದಿಗೆ ಬಿದ್ದದ್ದಲ್ಲ.

"ಹಸಿದು ಸಾಯೋರನ್ನ ನೋಡಿದೀನಿ. ತಿನ್ನೋಕಾಗ್ದೆ ಸಾಯೋದು ಇದೇ ಮೊದ್ಲು ನೋಡ್ತಿರೋದು" ಎಂದಳು ಡಾರ್ಕಸ್. ಆಕೆ ರೊಟ್ಟಿ ಒಲೆಯ ಉಸ್ತುವಾರಿಯ ಮುದುಕಿ, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಕೆಟ್ಟುಗಟ್ಟಲೆ ಒಳ್ಳೆಯ ರೊಟ್ಟಿಯನ್ನು ನೀರಿಗೆ ಸುರಿದು ಬರುವಾಗ ಅವಳ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗುತ್ತಿತ್ತು. ಆದರೂ ಸುರಿಯುತ್ತಿದ್ದಳು.

ಬಾತುಗಳು ಮೊದಲು ಬಂದವು. ಆಮೇಲೆ ಉತ್ತರದ ಕಾಡು ಹೆಬ್ಬಾತುಗಳು. ನವೆಂಬರ್ ನಡುವಿಗೆ ಕಾಲುವೆಯ ಬಾಯಿಯಲ್ಲಿ ನೀರೇ ಕಾಣಿಸದಷ್ಟು ಹೆಬ್ಬಾತು. ಅವು ಕೂಗುತ್ತಿರಲಿಲ್ಲ. ತಿಂದು ಮುಗಿಸಿ, ದಂಡೆಯ ಕಡೆಗೆ ಕತ್ತು ನೀಡಿ ಸುಮ್ಮನೆ ಕಾಯುತ್ತಿದ್ದವು. ಇಲಿಗಳು ಈಜಿಕೊಂಡು ಬಂದವು. ಹಗಲು ಹೊತ್ತಿನಲ್ಲೇ ಅಂಗಳ ದಾಟುತ್ತಿದ್ದವು, ಮನುಷ್ಯರಿಗೆ ದಾರಿ ಬಿಡುತ್ತಿರಲಿಲ್ಲ.

ಅಳೆಯುವವನ ಕೈ ಸುಮ್ಮನಿರುವುದಿಲ್ಲ. ಒಂದು ದಿನ ಜೇಬೆಜ್ ಹಳೆಯ ಅಳತೆಗೋಲನ್ನು ಕಣಜದ ರಾಶಿಗೆ ಇಳಿಸಿ ನೋಡಿದ. ಲೆಕ್ಕ ಹಾಕಿದ. ಮತ್ತೆ ಹಾಕಿದ. ಈ ಅಳತೆಯಲ್ಲಿ ಹೋದರೆ ಫೆಬ್ರವರಿ ಮೊದಲ ವಾರಕ್ಕೆ ಕಣಜ ಬರಿದು. ನೀರಿಳಿಯುವುದು ಮಾರ್ಚ್ ಕೊನೆಗೆ. ನಡುವೆ ಏಳು ವಾರ, ತಿನ್ನಲು ಒಂದು ಕಾಳಿಲ್ಲ, ದಾಟಲು ಒಂದು ದೋಣಿಯಿಲ್ಲ. ಆ ಏಳು ವಾರಗಳ ನಟ್ಟನಡುವೆ ಕೆಜಾಯಳ ಹೆರಿಗೆ.

ಥರ್ಲ್‌ಬಿ ಬೂಟಿಗೆ ಕೊಬ್ಬು ಸವರುತ್ತ ಕುಳಿತಿದ್ದ. ಜೇಬೆಜ್ ಟೊಪ್ಪಿಗೆ ತೆಗೆದು ನಿಂತ.

"ಹಿರಿಯರೇ, ಆ ಓಮರಿನ ಲೆಕ್ಕ ಇದೆಯಲ್ಲ, ಅದ್ರಲ್ಲಿ ಸ್ವಲ್ಪ ಅನುಮಾನ ಇದೆ."

"ಯಾರಿಗೆ ಅನುಮಾನ?"

"ನನಗೇನೆ. ಮೊಟ್ಟೆ ಇಟ್ಟು ಅಳೆದ್ರೆ ನಾಲ್ಕೂಕಾಲೇ ಬರುತ್ತೆ. ಅದೂ ಅಲ್ದೆ ಆ ಪಟ್ಟಿ ಹಳೇ ಬುಶೆಲಿನದು. ಪಾರ್ಲಿಮೆಂಟಿನವರು ಈಗ ಬುಶೆಲ್ ದೊಡ್ಡದು ಮಾಡಿದಾರಲ್ಲ, ಹೊಸ ಪಿಂಟಲ್ಲಿ ಲೆಕ್ಕ ಹಾಕಿದ್ರೆ ಐದೂ ತುಂಬಲ್ಲ. ಮೂರೂವರೆ ಅಂತ ಹೇಳೋ ಪಂಡಿತರೂ ಇದಾರೆ." ಹಾಗೆ ಹೇಳುವ ಪಂಡಿತರು ಯಾರೂ ಅವನಿಗೆ ಗೊತ್ತಿರಲಿಲ್ಲ.

ಥರ್ಲ್‌ಬಿ ಬೂಟನ್ನು ಬೆಳಕಿಗೆ ಹಿಡಿದು ನೋಡಿದ. ಅವನು ಎಂದೂ ದನಿ ಎತ್ತಿದವನಲ್ಲ. "ಕೂತ್ಕೊಳ್ಳಿ ಜೇಬೆಜಣ್ಣ. ನೀವು ಸಭೇಲಿ ಹೇಳಿದಾಗ ಮೊಟ್ಟೆ ಇತ್ತಾ?"

"ಇರ್ಲಿಲ್ಲ."

"ಪಾರ್ಲಿಮೆಂಟು?"

"ಅದೂ ಇರ್ಲಿಲ್ಲ."

"ಐದು ಅಂದ್ರಿ. ಮೇಲೆ ಹತ್ತನೇ ಒಂದು ಪಾಲು ಅಂದ್ರಿ. ಅಷ್ಟು ಸಣ್ಣ ಪಾಲನ್ನ ಮನುಷ್ಯ ತನ್ನಷ್ಟಕ್ಕೆ ತಾನು ಹೇಳ್ತಾನಾ? ಆವತ್ತೇ ನಂಗೆ ಗೊತ್ತಾಯ್ತು, ಅದು ನಿಮ್ಮ ಮಾತಲ್ಲ ಅಂತ." ಮತ್ತೆ ಬೂಟಿಗೆ ಕೈ ಹಾಕಿದ. "ಕಣಜ ಯಾವಾಗ ಖಾಲಿ ಆಗುತ್ತೆ ಅಂತ ನೋಡಿದೀರಿ, ಅಲ್ವಾ?"

ಜೇಬೆಜ್ ತಲೆ ತಗ್ಗಿಸಿದ.

"ನಾನೂ ನೋಡಿದೀನಿ. ಕಣಜದ ಗೋಡೆ ಮೇಲೆ ಗೆರೆ ಎಳೆದಿದೀನಲ್ಲ, ರಾಶಿ ಇಳಿಯೋ ಲೆಕ್ಕಕ್ಕೆ, ವಾರಕ್ಕೊಂದು. ಕೊನೇ ಓಮರ್ ಅಳೆದ ದಿನವೇ ಕರ್ತನು ಬರೋ ಆ ದಿನ. ಅಂಗಳದಲ್ಲಿ ತುತ್ತು ಇರೋವಾಗ ಅವನು ಯಾಕೆ ಬರ್ತಾನೆ? ನಿಮ್ಮ ಕೊಳಗವೇ ನಮ್ಮ ಗಡಿಯಾರ, ಜೇಬೆಜಣ್ಣ. ಸರಿಯಾಗಿ ನಡೆಸಿ."

ಜೇಬೆಜ್ ಟೊಪ್ಪಿಗೆ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದ. ಸುಂಕದವನಾಗಿದ್ದಾಗ ಕುಡಿದ ಮಾಲಿಕರು ಸಲಿಕೆ ಎತ್ತಿಕೊಂಡು ಮೇಲೆ ಬಿದ್ದದ್ದುಂಟು. ಅಷ್ಟು ಹೆದರಿಕೆ ಆಗಲೂ ಆಗಿರಲಿಲ್ಲ. ಕೋಪ ಬಂದವನನ್ನು ಸಮಾಧಾನ ಮಾಡಬಹುದು. ಖುಷಿಯಾಗಿರುವವನನ್ನು ಏನು ಮಾಡುವುದು?

ಮರುದಿನ ಅವನು ಮರದ ಒಂದು ಬಿಲ್ಲೆ ಕೆತ್ತಿ ಕೊಳಗದೊಳಗೆ ಬಿಗಿಯಾಗಿ ಕೂರಿಸಿದ. ಕೊಳಗ ಈಗ ಮೂರೂವರೆ ಪಿಂಟಷ್ಟೇ ಹಿಡಿಯುತ್ತಿತ್ತು. ಹೊರಗಿನಿಂದ ನೋಡಿದರೆ ಅದೇ ಓಕು, ಅದೇ ಪಟ್ಟಿ. ಒಳಗೆ ಇಣುಕುವವರು ಯಾರು? ಸಾಲಿನಲ್ಲಿ ನಿಂತವರಿಗೆ ಹೊಟ್ಟೆ ತುಂಬಿದರೆ ಸಾಕು. ಚೆಲ್ಲುವ ರೊಟ್ಟಿ ಕಡಿಮೆಯಾದದ್ದು ಗೊತ್ತಾದದ್ದು ಒಲೆಯ ಮುಂದೆ ನಿಲ್ಲುವ ಡಾರ್ಕಸಳಿಗೆ ಮಾತ್ರ. ಅವಳು ಅವನನ್ನು ಒಂದು ಸಲ ಉದ್ದಕ್ಕೆ ನೋಡಿ, "ಚಳಿಗೆ ಎಲ್ರಿಗೂ ಹಸಿವು ಜಾಸ್ತಿ ಆದ ಹಾಗಿದೆ" ಎಂದು ಸುಮ್ಮನಾದಳು.

ಉಳಿದ ಕಾಳು ಕಣಜದಲ್ಲೇ ಇದ್ದರೆ ರಾಶಿ ಗೋಡೆಯ ಗೆರೆಗೆ ಇಳಿಯುವುದಿಲ್ಲ. ಅದಕ್ಕೂ ದಾರಿ ಇತ್ತು. ಕಣಜದ ಕೆಳಗೆ, ಗೋಡೆಯಾಚೆ, ಪಾಳುಬಿದ್ದ ಮಾಲ್ಟ್ ಮನೆ. ಅಲ್ಲಿ ಬಾರ್ಲಿ ನೆನೆಹಾಕುತ್ತಿದ್ದ ಕಲ್ಲಿನ ತೊಟ್ಟಿ, ಮೇಲೆ ಮರದ ಮುಚ್ಚಳ. ಹಿಂದೆ ಕಾಳನ್ನು ಮೇಲಿನಿಂದಲೇ ಇಳಿಸಲೆಂದು ಕಣಜದ ನೆಲದಲ್ಲಿ ಒಂದು ಕಿಂಡಿ, ಕಿಂಡಿಯಿಂದ ತೊಟ್ಟಿಗೆ ಹಲಗೆಯ ಕೊಳವೆ ಬಿಟ್ಟಿದ್ದರು. ಅಂಥ ಕಿಂಡಿಗಳನ್ನು ಹುಡುಕಿ ಹಿಡಿದು ಮಾಲಿಕರ ಕೈಗೆ ಕೋಳ ತೊಡಿಸಿದವನೇ ಜೇಬೆಜ್. ಈಗ ಬೇಲಿಯೇ ಎದ್ದು ಹೊಲ ಮೇಯಿತು. ದಿನದ ಅಳತೆ ಮುಗಿದು ಬಾಗಿಲು ಹಾಕಿಕೊಂಡ ಮೇಲೆ ನಾಲ್ಕು ಸಲಿಕೆ ಕಾಳು ಕಿಂಡಿಗೆ ತಳ್ಳಿದರೆ ಆಯಿತು. ಕತ್ತಲೆಯಲ್ಲಿ ಸರಸರ ಸದ್ದಾಗಿ ಕಾಳು ಕೆಳಗೆ ಹೋಗುತ್ತಿತ್ತು. ಗೋಡೆಯ ಗೆರೆಗೂ ರಾಶಿಗೂ ತಾಳೆಯಾಗುತ್ತಿತ್ತು.

ಆದರೆ ಕಾಳು ಕಲ್ಲಲ್ಲ. ಆಳವಾಗಿ ಸುರಿದ ಬಾರ್ಲಿಗೆ ಜೀವವಿದೆ, ಅದು ಉಸಿರಾಡುತ್ತದೆ. ಆಗಾಗ ಸಲಿಕೆ ಹಾಕಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಗುಚದಿದ್ದರೆ ಬಿಸಿಯೇರುತ್ತದೆ. ಜೇಬೆಜನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಮ್ಮಿನ ನೆವ ಹೇಳಿ ಬೆಳಗಿನ ಪ್ರಾರ್ಥನೆ ತಪ್ಪಿಸಿಕೊಂಡು, ಸುತ್ತುಹಾಕಿ ಮಾಲ್ಟ್ ಮನೆಗೆ ಹೋಗಿ ಮಗುಚಿ ಬರುತ್ತಿದ್ದ. ಡಿಸೆಂಬರಿನಲ್ಲಿ ಥರ್ಲ್‌ಬಿ ಪ್ರಾರ್ಥನೆಯನ್ನು ದಿನಕ್ಕೆ ಮೂರು ಹೊತ್ತು ಮಾಡಿದ. "ಜೇಬೆಜಣ್ಣ ಕೆಮ್ಮಿದ್ರೆ ಕೆಮ್ಲಿ, ದೇವರಿಗೇನೂ ಬೇಜಾರಿಲ್ಲ. ಮುಂದಿನ ಬೆಂಚಲ್ಲಿ ನನ್ನ ಪಕ್ಕ ಕೂರ್ಲಿ" ಎಂದ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ ಜೇಬೆಜನಿಗೆ ಕೊನೆಯ ತನಕ ತಿಳಿಯಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಥರ್ಲ್‌ಬಿ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ತನ್ನನ್ನೇ ನೋಡುತ್ತಿದ್ದಾನೆ ಎನ್ನಿಸುತ್ತಿತ್ತು.

ಹೊಸ ವರ್ಷ ಕಳೆಯಿತು. ಹಿಮ ಬಿತ್ತು, ಕರಗಿತು, ಮಾಲ್ಟ್ ಮನೆಯ ಗೋಡೆ ಒದ್ದೆಯಾಯಿತು. ಒಂದು ಬೆಳಿಗ್ಗೆ ಕಿಂಡಿ ತೆರೆದಾಗ ಕೆಳಗಿನಿಂದ ಬೆಚ್ಚನೆಯ ಗಾಳಿ ಜೇಬೆಜನ ಮುಖಕ್ಕೆ ಬಡಿಯಿತು. ಅವನು ಸಲಿಕೆ ಹಿಡಿದುಕೊಂಡೇ ನಿಂತ. ಹೊರಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿತ್ತು, ಕಿಂಡಿಯಿಂದ ಮನುಷ್ಯರ ಉಸಿರಿನಷ್ಟು ಬಿಸಿ ಬರುತ್ತಿತ್ತು. ಸೌತೆಕಾಯಿ ಹೆಚ್ಚಿದಂಥ ವಾಸನೆ. ಬಾರ್ಲಿ ಮೊಳಕೆಯೊಡೆಯುವ ವಾಸನೆ ಅದು, ಅವನು ಜೀವಮಾನವೆಲ್ಲ ಮೂಸಿದ್ದು. ಎರಡು ದಿನ ಬಿಟ್ಟು ಸೌತೆಕಾಯಿ ಹೋಗಿ ಹುಳಿ ವಾಸನೆ ಬಂತು. ಇನ್ನೂ ತಡವಾಗಿಲ್ಲ, ಕೆಟ್ಟಿರುವುದು ಮೇಲಿನ ಪದರ, ಇವತ್ತು ನಾಳೆಯಲ್ಲಿ ಅದನ್ನು ತೆಗೆದು ಕೆಳಗಿನದನ್ನು ಹರಡಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ ಮಾಡುವವರು ಯಾರು? ಪ್ರಾರ್ಥನೆಯಿಲ್ಲದ ಹೊತ್ತಿನಲ್ಲಿ ಅಂಗಳದ ತುಂಬ ಜನರ ಕಣ್ಣು. ಪ್ರಾರ್ಥನೆಯಿಂದ ವಿನಾಯಿತಿ ಇದ್ದದ್ದು ದಿನ ತುಂಬುತ್ತಿದ್ದ ಹೆಂಗಸಿಗೆ ಮಾತ್ರ.

ಕೆಜಾಯ ಕಿಟಕಿಯ ಬಳಿ ಮಗುವಿನ ಕುಲಾವಿ ಹೊಲಿಯುತ್ತಿದ್ದಳು. ಜೇಬೆಜ್ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದ. ಕೊಳಗದ ಬಿಲ್ಲೆ, ಕಿಂಡಿ, ತೊಟ್ಟಿ, ಬಿಸಿ.

"ಭಾರದ ಕೆಲಸ ಅಲ್ಲ ಮಗಳೇ. ಮುಚ್ಚಳ ತೆಗೆದು ಮೇಲಿನ ಕಪ್ಪು ಕಾಳನ್ನ ಆಚೆ ಹಾಕು. ಗಾಳಿ ಆಡಿದ್ರೆ ಸಾಕು, ಮಿಕ್ಕಿದ್ದು ಬದುಕ್ಕೊಳ್ಳುತ್ತೆ. ನೀನೂ ಮಗೂನೂ ಮಾರ್ಚ್ ತನಕ ತಿನ್ಬೇಕಲ್ಲ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಮಡಿಲಲ್ಲಿಟ್ಟುಕೊಂಡಳು. "ಅಂದ್ರೆ ಕಣಜ ಖಾಲಿ ಆದ್ರೂ ಕಾಳು ಇರುತ್ತೆ."

"ಇರುತ್ತೆ."

"ಎಷ್ಟು ದಿನಕ್ಕೆ, ಅಪ್ಪ?"

"ಆರೇಳು ವಾರಕ್ಕೆ. ಹಿಡಿತವಾಗಿ ತಿಂದ್ರೆ."

"ಹಾಗಾದ್ರೆ ಆ ದಿನ ಆರೇಳು ವಾರ ಮುಂದಕ್ಕೆ ಹೋಯ್ತು."

"ಕೆಜಾಯ, ಆ ದಿನ ಅಂತ ಒಂದು..." ಎಂದು ಶುರುಮಾಡಿ ಅವನು ಅವಳ ಮುಖ ನೋಡಿ ನಿಲ್ಲಿಸಿದ. ಹೇಳಬೇಕಾಗಿತ್ತು. ಹೇಳಲು ಇದ್ದ ಹೊತ್ತು ಅದೊಂದೇ ಎಂದು ಅವನಿಗೆ ಆಮೇಲೆ ಸಾವಿರ ಸಲ ಅನ್ನಿಸಿತು.

"ರೂಬೆನ್ ಅಲ್ಲಿ ಮಣ್ಣಲ್ಲಿ ಒಬ್ರೇ ಕಾಯ್ತಿದಾರೆ" ಎಂದಳು ಕೆಜಾಯ, ಮೆಲ್ಲಗೆ. ಆಮೇಲೆ ಎದ್ದು ಬಂದು ಅಪ್ಪನ ಕೋಟಿನ ಕಾಲರು ಸರಿಮಾಡಿದಳು. "ನೀವು ಪ್ರಾರ್ಥನೆಗೆ ಹೋಗಿ. ಇದನ್ನ ನಾನು ನೋಡ್ಕೋತೀನಿ."

ಅವನು ಹಗುರಾಗಿ ಹೋದ. ಎಷ್ಟೋ ವಾರಗಳ ಮೇಲೆ ಅವನಿಗೆ ಆ ದಿನ ರೊಟ್ಟಿ ರುಚಿಸಿತು.

ಮರುದಿನ ಬೆಳಿಗ್ಗೆ ಅಳತೆಗೆಂದು ಕಣಜದ ಬಾಗಿಲು ತೆರೆದರೆ ಸಾಲು ಇರಲಿಲ್ಲ. ಎಲ್ಲರೂ ಅಂಗಳದಲ್ಲಿ ಗುಂಪಾಗಿ ನಿಂತಿದ್ದರು. ಥರ್ಲ್‌ಬಿಯ ಪಕ್ಕದಲ್ಲಿ ಕೆಜಾಯ ಶಾಲು ಹೊದ್ದು ನಿಂತಿದ್ದಳು. ಅವಳು ಅತ್ತಿದ್ದಳು, ಆದರೆ ಅಪ್ಪನ ಕಣ್ಣು ತಪ್ಪಿಸಲಿಲ್ಲ.

"ಬನ್ನಿ ಜೇಬೆಜಣ್ಣ" ಎಂದ ಥರ್ಲ್‌ಬಿ. "ಎಲ್ರೂ ಒಟ್ಟಿಗೇ ನೋಡೋಣ."

ಮಾಲ್ಟ್ ಮನೆಯ ಹೆಂಚಿನ ಸಂದಿಯಿಂದ ಹಬೆ ಏಳುತ್ತಿತ್ತು. ಒಳಗೆ ಹೋಗುವ ಮುಂಚೆಯೇ ಮುಂದಿದ್ದವರು ಮೂಗು ಮುಚ್ಚಿಕೊಂಡರು. ಇಬ್ಬರು ಗಂಡಸರು ಮುಚ್ಚಳ ಎತ್ತಿದರು. ಬಿಳಿಯ ಹಬೆ ಮೇಲೆದ್ದು ಮಾಡಿಗೆ ತಾಗಿತು. ಅದು ಸರಿದ ಮೇಲೆ ತೊಟ್ಟಿಯ ತುಂಬ ಕಪ್ಪಗೆ ಅಂಟಂಟಾದ ರಾಶಿ, ಅದರ ಮೇಲೆ ಬೂದಿ ಬಣ್ಣದ ಬೂಷ್ಟು. ಬೆಳಕು ಬಿದ್ದದ್ದೇ ರಾಶಿ ಮಿಸುಕಿತು. ಬೆಚ್ಚಗಿದ್ದ ಕಾಳಿನಲ್ಲಿ ಹುಳ ಮುಕುರಿಕೊಂಡಿತ್ತು.

ಗ್ರಂಥದಲ್ಲಿ ಓದಿದ ಮಾತು ಕಣ್ಣೆದುರಿಗೆ ಹರಿದಾಡುತ್ತಿತ್ತು: ಉಳಿಸಿಕೊಂಡದ್ದಕ್ಕೆ ಹುಳ ಬಿದ್ದಿತ್ತು, ನಾತ ಬಂದಿತ್ತು. ಮೊದಲು ಒಬ್ಬಳು ಮೊಣಕಾಲೂರಿದಳು, ಆಮೇಲೆ ಎಲ್ಲರೂ. ಡಾರ್ಕಸಳೂ ಕೂಡ. ಬಾಯಿಬಡುಕಿ ಡಾರ್ಕಸ್ ನೆಲಕ್ಕೆ ಹಣೆ ಹಚ್ಚಿ ಬಿದ್ದಿದ್ದಳು.

"ಇದು ಮಗುಚದೇ ಇದ್ದಿದ್ದಕ್ಕೆ ಆಗಿರೋದು" ಎಂದ ಜೇಬೆಜ್. ಅವನ ದನಿ ಅವನಿಗೇ ಕೀರಲಾಗಿ ಕೇಳಿಸಿತು. "ಯಾವ ಮಾಲ್ಟ್ ಮನೇಲಾದ್ರೂ ಕೇಳಿ. ಮಗುಚ್ದೆ ಬಿಟ್ರೆ ಬಿಸಿಯಾಗುತ್ತೆ, ಹುಳ ಆಗುತ್ತೆ. ಕೆಳಗಡೆ ಚೆನ್ನಾಗಿದೆ. ನೋಡಿ, ಇಲ್ಲಿ ನೋಡಿ." ಅವನು ತೊಟ್ಟಿಗೆ ಬಾಗಿ ಮೊಣಕೈ ತನಕ ತೋಳು ತುರುಕಿ ಒಂದು ಹಿಡಿ ಕಾಳು ಎತ್ತಿದ. ಕೆಳಗಿನ ಕಾಳು ನಿಜಕ್ಕೂ ಬಂಗಾರದ ಬಣ್ಣಕ್ಕಿತ್ತು, ಗಟ್ಟಿಯಾಗಿತ್ತು. ಆದರೆ ಆ ಕೈಯ ತುಂಬ ಹುಳ ಹರಿಯುತ್ತಿತ್ತು. ಕೈಯನ್ನು ನೋಡಿದವರು ಕಾಳನ್ನು ನೋಡಲಿಲ್ಲ.

ಥರ್ಲ್‌ಬಿ ತನ್ನ ಕರವಸ್ತ್ರ ತೆಗೆದು ಆ ಕೈಯನ್ನು ತಾನೇ ಒರೆಸಿದ. ಮಗುವಿನ ಕೈ ಒರೆಸುವಷ್ಟು ಮೃದುವಾಗಿ ಒರೆಸಿದ. "ನಿಮಗೆ ಕೆಟ್ಟ ಬುದ್ಧಿ ಇರ್ಲಿಲ್ಲ, ಗೊತ್ತು. ಮಗಳ ಮೇಲಿನ ಆಸೆ. ಮೋಶೆ ಕಾಲದಲ್ಲೂ ಉಳಿಸ್ಕೊಂಡೋರು ಮಕ್ಕಳೊಂದಿಗರೇ ಇರ್ಬೇಕು."

ಮಧ್ಯಾಹ್ನದೊಳಗೆ ತೊಟ್ಟಿ ಖಾಲಿಯಾಯಿತು. ಕಪ್ಪು ಕಾಳೂ ಹೋಯಿತು, ಬಂಗಾರದ ಕಾಳೂ ಹೋಯಿತು. ಬಕೆಟ್ಟು ಬಕೆಟ್ಟಾಗಿ ಕಾಲುವೆಗೆ ಸುರಿದರು. ಹೆಬ್ಬಾತುಗಳು ದಂಡೆಯನ್ನೇರಿ ಜನರ ಕಾಲ ಬಳಿಗೇ ಬಂದು ತಿಂದವು. ಜೇಬೆಜ್ ಬಾವಿಕಟ್ಟೆಯ ಮೇಲೆ ಕುಳಿತು ನೋಡಿದ. ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ, ಯಾರೂ ಬೈದಿರಲಿಲ್ಲ. ಹಾದುಹೋಗುವಾಗ ಕೆಲವರು ಅವನ ಹೆಗಲು ತಟ್ಟಿದರು. ಅವನ ಪಾಪದಿಂದಲೇ ಅವರಿಗೆ ಗ್ರಂಥದ ಮಾತು ನಿಜವಾದದ್ದನ್ನು ಕಣ್ಣಾರೆ ನೋಡುವ ಭಾಗ್ಯ ಬಂದಿತ್ತು.

ಸಂಜೆ ಸಭೆಯಲ್ಲಿ ಥರ್ಲ್‌ಬಿ ಕೊಳಗವನ್ನು ತರಿಸಿ, ಬಿಲ್ಲೆಯನ್ನು ಚೂರಿಯಿಂದ ಮೀಟಿ ತೆಗೆದು, ಒಲೆಗೆ ಹಾಕಿದ. ಆಮೇಲೆ ಕೊಳಗವನ್ನು ಜೇಬೆಜನ ಕೈಗೇ ಕೊಟ್ಟ.

"ಅಳೆಯೋರು ನೀವೇ. ಆದ್ರೆ ಒಂದು ಬಾಕಿ ಇದೆ. ಇಷ್ಟು ದಿನ ಈ ಜನಕ್ಕೆ ಬರಬೇಕಾದ್ದು ಬಂದಿಲ್ಲ. ಕದ್ದಿದ್ದಕ್ಕೆ ಇಮ್ಮಡಿ ಕೊಡ್ಬೇಕು ಅಂತ ಕಟ್ಟಳೆ. ನಾಳೆಯಿಂದ ತಲೆಗೆ ಎರಡು ಓಮರ್."

ಜನರ ನಡುವೆ ಒಂದು ನಿಟ್ಟುಸಿರು ಹಾದುಹೋಯಿತು. ಅದು ಸಂತೋಷದ್ದು. ಜೇಬೆಜ್ ಕೊಳಗವನ್ನು ಎದೆಗವಚಿ ನಿಂತಿದ್ದ. ಬೇಡವೆಂದರೂ ಅವನ ತಲೆ ಲೆಕ್ಕ ಹಾಕುತ್ತಿತ್ತು, ಹಾಕಿ ಮುಗಿಸಿತು. ಫೆಬ್ರವರಿ ಮೊದಲ ವಾರವಲ್ಲ. ಜನವರಿ ತಿಂಗಳೂ ದಾಟುವುದಿಲ್ಲ.

ಬೆಳಗಾಯಿತು. ಬೋಗುಣಿ ಹಿಡಿದವರ ಸಾಲು ಅಂಗಳ ತುಂಬ ಹಬ್ಬಿತ್ತು. ಚಳಿಗೆ ಎಲ್ಲರ ಬಾಯಿಂದಲೂ ಹೊಗೆ. ಸಾಲಿನ ಮೊದಲಲ್ಲಿ ಕೆಜಾಯ. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಮದುವೆಯ ದಿನ ಉಟ್ಟಿದ್ದ ನೀಲಿ ಉಡುಪನ್ನು ಹೊಟ್ಟೆಯ ಹತ್ತಿರ ಬಿಚ್ಚಿ ಹೊಲಿದು ಹಾಕಿಕೊಂಡಿದ್ದಳು. ಜೇಬೆಜ್ ಅವಳ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ಮಗಳೇ, ನಿನ್ನ ಕಾಲಿಗೆ ಬೀಳ್ತೀನಿ. ದಿನಾ ಒಂದು ಹಿಡಿ ತೆಗೆದಿಡು. ದಿಂಬೊಳಗೆ ಹಾಕ್ಕೋ. ಒಂದೇ ಹಿಡಿ."

ಅವಳು ಅವನ ಹುಳ ಮುಟ್ಟಿದ ಕೈಯನ್ನು ನೋಡಿದಳು, ಆಮೇಲೆ ಅದನ್ನೇ ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಬೇಜಾರು ಮಾಡ್ಕೋಬೇಡಿ ಅಪ್ಪ. ದೇವರು ನಿಮ್ಮನ್ನ ಕ್ಷಮಿಸಿದಾನೆ, ಇಲ್ದಿದ್ರೆ ದಿನ ಇಷ್ಟು ಹತ್ರ ತರ್ತಿದ್ನಾ? ನಾನು ಎಣಿಸಿ ನೋಡ್ದೆ. ಮಗು ಇಲ್ಲಿ ಹುಟ್ಟೋದೇ ಇಲ್ಲ. ಅಲ್ಲೇ ಹುಟ್ಟುತ್ತೆ, ರೂಬೆನ್ ಕಣ್ಮುಂದೆ."

ಹಿಂದಿನಿಂದ ಯಾರೋ ಕಾಲು ಬಡಿದರು. ಚಳಿ ಕಚ್ಚುತ್ತಿತ್ತು. ಬಾಗಿಲ ಬಳಿ ಥರ್ಲ್‌ಬಿ ಕೈಕಟ್ಟಿ ನಿಂತು ಮುಗುಳ್ನಗುತ್ತಿದ್ದ. ಜೇಬೆಜ್ ಬಗ್ಗಿ ಕೊಳಗ ತುಂಬಿಸಿದ, ಮಟ್ಟಗೋಲಿನಿಂದ ಸವರಿದ, ಬೋಗುಣಿಗೆ ಸುರಿದ. ಐದು ಪಿಂಟು, ಮತ್ತೆ ಹತ್ತನೆಯ ಒಂದು ಪಾಲು.

ಕೆಜಾಯ ಬೋಗುಣಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದು, ಅಪ್ಪ" ಎಂದಳು.